ಪೋಲೆ ನಮ್ಮ ಹೊಲವಲ್ಲ

ನಮಸ್ಕಾರ.

ಬಯಲು, ಹೊಲ ಎಂಬ ಅರ್ಥದ ಪೋಲಿಷ್ ಪದ ‘ಪೋಲೆ’ಯ ಮೂಲ ಹುಡುಕುವ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ವಿಷಯವೂ ಹೊಸದು. ಆದರೆ ಈ ರೂಪದಲ್ಲಿ ಪ್ರಕಟಿಸಲಾರೆ. ಮೂರನೇ ಪ್ಯಾರಾ ಓದಿ ನನಗೆ ಸಿಟ್ಟೇ ಬಂತು.

“ಪೋಲೆ ಎಂದರೆ ನಮ್ಮ ಹಳಗನ್ನಡದ ಪೊಲವೇ” ಎಂದಿದ್ದೀರಿ. ಆ ‘ವೇ’ಗೆ ಆಧಾರ ಎಲ್ಲಿದೆ? ಹೊಲ ಮೊದಲು ಪೊಲವಾಗಿತ್ತು, ನಿಜ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಹಾಗೆಯೇ ಇದೂ. ಅದರ ನೆಂಟರು ತೆಲುಗಿನ ಪೊಲಮು, ತಮಿಳಿನ ಪುಲಂ. ಪೋಲೆಯ ಬಳಗವೇ ಬೇರೆ: ಜರ್ಮನ್ನಿನ ಫೆಲ್ಡ್, ಇಂಗ್ಲಿಷಿನ ಫೀಲ್ಡ್, ಚಪ್ಪಟೆ ಎಂಬರ್ಥದ ಲ್ಯಾಟಿನ್ ಪ್ಲಾನುಸ್. ಅಲ್ಲಿಯ ಪ ಇಂಗ್ಲಿಷಿನಲ್ಲಿ ಫ ಆದದ್ದು ಆಕಸ್ಮಿಕವಲ್ಲ. ಲ್ಯಾಟಿನ್ನಿನ ಪತೆರ್‌ಗೆ ಫಾದರ್, ಪಿಸ್ಕಿಸ್‌ಗೆ ಫಿಶ್. ಜರ್ಮನ್ ಭಾಷಾಶಾಸ್ತ್ರಜ್ಞ ಯಾಕೋಬ್ ಗ್ರಿಮ್ 1822ರಲ್ಲೇ ಈ ಕ್ರಮವನ್ನು ವಿವರಿಸಿದ್ದ. ನಂಟು ಹೇಳುವವರು ಇಂಥ ಸಾಲು ಸಾಲು ಜೋಡಿಗಳನ್ನು ತೋರಿಸಬೇಕು. ನೀವು ಪೋಲೆ–ಪೊಲ ಬಿಟ್ಟರೆ ಇನ್ನೊಂದನ್ನಾದರೂ ಕೊಟ್ಟಿದ್ದೀರಾ?

ನಾನು ಕರಡು ತಿದ್ದುತ್ತಿದ್ದ ಕಾಲದಲ್ಲಿ ಪದದ ಮೂಲ ಹೇಳುವ ಲೇಖನ ಬಂದರೆ ನಮ್ಮ ಹಿರಿಯ ಸಂಪಾದಕರು ಕಿಟೆಲ್ ನಿಘಂಟು ತಂದು ನನ್ನ ಮೇಜಿನ ಮೇಲಿಡುತ್ತಿದ್ದರು. ತಮಿಳು, ತೆಲುಗು, ತುಳು ರೂಪಗಳನ್ನು ಹುಡುಕಿ ಅಂಚಿನಲ್ಲಿ ಬರೆದ ಮೇಲೆಯೇ ಅದು ಅಚ್ಚಿಗೆ ಹೋಗುತ್ತಿತ್ತು. ಆ ಮಧ್ಯಾಹ್ನಗಳಲ್ಲಿ ಊಟ ಮರೆತುಹೋಗುತ್ತಿತ್ತು. ಇವತ್ತಿಗೂ ಪದದ ಮೂಲ ಅಂದ ಕೂಡಲೇ ನನ್ನ ಕೈ ನಿಘಂಟಿನತ್ತ ಹೋಗುತ್ತದೆ.

ಇನ್ನೊಂದು ಸಾಲು: “ಹೊರಗೆ ಹೋಗುವುದಕ್ಕೆ ಕ್ರಾಕೋವ್‌ನವರು ‘ನಾ ಪೋಲೆ’ ಎನ್ನುತ್ತಾರೆ, ವಾರ್ಸಾದವರು ‘ನಾ ದ್ವುರ್’ ಎನ್ನುತ್ತಾರೆ.” ಇಷ್ಟಕ್ಕೇ ಬಿಟ್ಟುಬಿಟ್ಟಿರಲ್ಲ! ಮನೆಯ ಹೊಸ್ತಿಲು ದಾಟಿದರೆ ಒಬ್ಬರು ‘ಹೊಲಕ್ಕೆ’ ಹೋಗುತ್ತಾರೆ, ಇನ್ನೊಬ್ಬರು ‘ಅಂಗಳಕ್ಕೆ’. ಯಾವುದು ಸರಿ ಎಂದು ಪೋಲೆಂಡಿನವರು ಇಂದಿಗೂ ವಾದಿಸುತ್ತಾರೆ. ಲೇಖನದ ಜೀವ ಇರುವುದೇ ಇಲ್ಲಿ. ದ್ವುರ್ ಎಂದರೆ ಅಂಗಳ, ಜಮೀನ್ದಾರರ ಮನೆ, ರಾಜನ ಆಸ್ಥಾನವೂ ಹೌದು. ಇಂಗ್ಲಿಷಿನ ಡೋರ್ ಅದರ ಬಂಧು. ಸಂಸ್ಕೃತದಿಂದ ನಮಗೆ ಬಂದ ‘ದ್ವಾರ’ವೂ ಬಂಧುವೇ. ಕನ್ನಡ ಓದುಗರಿಗೆ ಹೇಳಬಹುದಾದ ನಿಜವಾದ ನಂಟು ನಿಮ್ಮದೇ ಸಾಲಿನಲ್ಲಿ ಇತ್ತು. ಅದನ್ನು ಬಿಟ್ಟು ಇಲ್ಲದ ನಂಟಿನ ಹಿಂದೆ ಹೋದಿರಿ ಎಂಬುದೇ ನನ್ನ ಬೇಸರ.

ಮೂರನೇ ಪ್ಯಾರಾ ಪೂರ್ತಿ ತೆಗೆಯಿರಿ. ಕ್ರಾಕೋವ್‌ನಿಂದಲೇ ಶುರುಮಾಡಿ. ಪೋಲೆಂಡಿಗೆ ಹೆಸರು ಕೊಟ್ಟ ಪೊಲಾನೆ ಬುಡಕಟ್ಟಿನ ಭಾಗ ಚೆನ್ನಾಗಿದೆ, ಇರಲಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.