ಚಿನ್ನದ ಎಲೆ ಮಾಸಿದ ಲಿಬ್ಬಿ ಗ್ಲಾಸುಗಳು

ಅಮೆರಿಕದ ಲಿಬ್ಬಿ ಕಂಪನಿಯ ನಿಮ್ಮ ಹಳೇ ಗ್ಲಾಸುಗಳ ಚಿನ್ನದ ಎಲೆ ಮಾಸಿ, ಒಳಗೆ ಬಿಳಿ ಮಸುಕು ಕಟ್ಟಿದೆ ಅಂದಿರಿ. ಕಾರಣ ಡಿಶ್‌ವಾಷರ್ರೇ ಇರಬೇಕು. 1950ರ ದಶಕದ ಅಮೆರಿಕದ ಕಾಕ್‌ಟೇಲ್ ಗ್ಲಾಸುಗಳಲ್ಲಿ ಚಿನ್ನ ಗಾಜಿನೊಳಗೆ ಇರುವುದಿಲ್ಲ. ಹೊರಮೈ ಮೇಲೆ ಬಳಿದು, ಸುಟ್ಟು ಕೂರಿಸಿದ ತೆಳು ಪದರ ಅಷ್ಟೇ. ಬಿಸಿನೀರು, ಡಿಶ್‌ವಾಷರ್‌ನ ಕಟುವಾದ ಸೋಪುಪುಡಿ ಸೇರಿ ಅದನ್ನು ಸವೆಸುತ್ತವೆ. ಲಿಬ್ಬಿಯ ‘ಗೋಲ್ಡನ್ ಫೋಲಿಯೇಜ್’ ಎಂಬ ವಿನ್ಯಾಸದ ನಿಮ್ಮ ಎಲೆಗಳಿಗೂ ಅದೇ ಆಗಿದೆ. ಹೋದ ಚಿನ್ನ ವಾಪಸ್ ಬರಲ್ಲ.

ಒಳಗಿನ ಬಿಳಿ ಮಸುಕಿಗೆ ಮಾತ್ರ ಇನ್ನೂ ದಾರಿ ಇರಬಹುದು. ಮೊದಲು ಗ್ಲಾಸಿನ ಒಳಗೆ ಮಾತ್ರ ಬಿಳಿ ವಿನೆಗರ್ ತುಂಬಿ 15 ನಿಮಿಷ ಬಿಡಿ. ಹೊರಗಿನ ಎಲೆಗೆ ತಾಗಿಸಬೇಡಿ. ಆಮೇಲೆ ಮೆತ್ತನೆ ಬಟ್ಟೆಯಿಂದ ಒರೆಸಿ. ಮಸುಕು ಹೋದರೆ ಅದು ಗಡಸು ನೀರಿನ ಸುಣ್ಣ. ಹೋಗದಿದ್ದರೆ ಗಾಜೇ ಸವೆದಿದೆ, ಜಾಸ್ತಿ ಉಜ್ಜಬೇಡಿ.

ಉಳಿದ ಗ್ಲಾಸುಗಳನ್ನು ಇನ್ನು ಉಗುರುಬೆಚ್ಚಗಿನ ನೀರಲ್ಲಿ ಕೈಯಲ್ಲೇ ತೊಳೆಯಿರಿ. ಇಷ್ಟು ಚೆಂದದ ಎಲೆ ಉಳಿಯಬೇಕು ಅಲ್ವಾ? ಮೈಕ್ರೋವೇವ್‌ಗಂತೂ ಇಡಲೇಬೇಡಿ, ಲೋಹದಿಂದ ಕಿಡಿ ಹಾರುತ್ತದೆ.