ಅಪ್ಪನ ಕೈಯಿಂದ ಫೋನ್ ಕಿತ್ಕೋಬೇಡಿ

ಪ್ರಶ್ನೆ: ನಮ್ಮಪ್ಪನಿಗೆ 71 ವರ್ಷ. ಗ್ರಾಮ ಲೆಕ್ಕಿಗರಾಗಿದ್ದು ರಿಟೈರ್ ಆದವರು. ಅಪ್ಪ, ಅಮ್ಮ ಪಾಂಡವಪುರದ ಹತ್ತಿರ ಊರಲ್ಲಿದ್ದಾರೆ. ನಾನು ಮೈಸೂರಿನಲ್ಲಿ, ಅಣ್ಣ ಬೆಂಗಳೂರಿನಲ್ಲಿ. ಹೋದ ವರ್ಷ ಅಪ್ಪನಿಗೆ ಸ್ಮಾರ್ಟ್‌ಫೋನ್ ಕೊಡಿಸಿದೆವು. ಅಲ್ಲಿಂದ ಶುರುವಾಯ್ತು ನೋಡಿ. ಬಂದ ಒಟಿಪಿಯನ್ನೆಲ್ಲ ತಾರೀಖು ಹಾಕಿ ಡೈರಿಯಲ್ಲಿ ಬರೆದಿಡ್ತಾರೆ. ಗ್ಯಾಸ್ ಹುಡುಗ ಕೋಡ್ ಕೇಳಿದರೆ ಡೈರಿ ತೆಗೆದು ಹಿಂದಿನ ಸಲದ ನಂಬರ್ ಓದಿದ್ದಾರೆ. ಇದು ಆಗಲ್ಲ ಅಂದಿದ್ದಕ್ಕೆ "ಹೋದ್ ಸಲ ಇದೇ ನಂಬರ್‌ಗೆ ಕೊಟ್ಯಲ್ಲಯ್ಯ, ಈಗೇನಾಯ್ತು?" ಅಂತ ಜಗಳ. ಅವನು ಸಿಲಿಂಡರ್ ವಾಪಸ್ ತಗೊಂಡು ಹೋಗಿದ್ದಾನೆ. ಫೋನಿನಲ್ಲಿ ರೆಕಾರ್ಡ್ ದನಿ "ಒಂದನ್ನು ಒತ್ತಿ" ಅಂದರೆ "ಯಾಕಮ್ಮ ಒತ್ಬೇಕು, ಮೊದ್ಲು ವಿಷಯ ಹೇಳು" ಅಂತಾರೆ.

ದೊಡ್ಡ ಅನಾಹುತ ಹೋದ ತಿಂಗಳು ಆಯ್ತು. ಬೀಗರೂ ಇರುವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೈಕ್ ಒತ್ತಿಬಿಟ್ಟಿದ್ದಾರೆ. "ಬೀಗರೂಟದಲ್ಲಿ ಮಟನ್ ಬೆಂದೇ ಇರ್ಲಿಲ್ಲ, ಮುದ್ದೆನೂ ಗಂಟು ಗಂಟು" ಅಂತ ಅಮ್ಮ ಅಂದಿದ್ದೆಲ್ಲ ಅಲ್ಲಿಗೆ ಹೋಗಿದೆ. ನನಗೆ ತಡೆಯಲಾಗಲಿಲ್ಲ. ಮಕ್ಕಳ ಎದುರಿಗೇ ಫೋನ್ ಕಿತ್ಕೊಂಡು "ಬಿಡಪ್ಪ, ಇದೆಲ್ಲ ನಿನ್ನ ಕೈಲಾಗಲ್ಲ" ಅಂದುಬಿಟ್ಟೆ. ಅವತ್ತಿಂದ ಫೋನ್ ಬೀರು ಸೇರಿದೆ. ಯಾರಿಗಾದರೂ ದುಡ್ಡು ಕಳಿಸಬೇಕಾದರೆ ಮಾತ್ರ ತೆಗೆದು ಅಂಗಡಿ ಹುಡುಗನ ಕೈಗೆ ಕೊಡ್ತಾರಂತೆ. ಪಿನ್ ಕೂಡ ಹೇಳಿದ್ದಾರೆ. ಕೀಪ್ಯಾಡ್ ಫೋನ್ ಕೊಡಿಸಿ ಸುಮ್ನಿರು ಅಂತಾನೆ ಅಣ್ಣ. ಏನು ಮಾಡಲಿ ಮೇಡಂ?
– ಹೆಸರು ಬೇಡ, ಕುವೆಂಪುನಗರ, ಮೈಸೂರು

ಉತ್ತರ: ಕೀಪ್ಯಾಡ್ ಫೋನ್ ಬೇಡವೇ ಬೇಡ. ಫೋನ್ ಬೀರು ಸೇರಿದ್ದರಿಂದ ಅಪಾಯ ಕಡಿಮೆಯಾಗಿಲ್ಲ, ಜಾಸ್ತಿಯಾಗಿದೆ. ಖಾತೆ ಅಪ್ಪನದು, ಪಿನ್ ಗೊತ್ತಿರುವುದು ಊರಿನ ಹುಡುಗನಿಗೆ. ಅವನು ಒಳ್ಳೆಯವನೇ ಇರಬಹುದು, ಅವನ ಮೇಲೆ ಅನುಮಾನ ಪಡುವುದು ಬೇಡ. ಆದರೆ ನಾಳೆ ಲೆಕ್ಕದಲ್ಲಿ ಹತ್ತು ರೂಪಾಯಿ ಹೆಚ್ಚುಕಮ್ಮಿಯಾದರೂ ಹೆಸರು ಕೆಡುವುದು ಅವನದೇ. ಆ ಪಿನ್ ಬದಲಾಗಲೇಬೇಕು. ಅಪ್ಪನೇ ಬದಲಾಯಿಸಲಿ. ಹೊಸ ಪಿನ್ ನಿಮಗೂ ಗೊತ್ತಾಗಬೇಕಾಗಿಲ್ಲ.

ಅದಕ್ಕೂ ಮೊದಲು ಇನ್ನೊಂದು ಕೆಲಸ ಇದೆ. ಈ ಭಾನುವಾರ ಮಕ್ಕಳನ್ನು ಕರ್ಕೊಂಡು ಊರಿಗೆ ಹೋಗಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡೂ ಇಲ್ಲ, ಮತ್ತೆ ತಡ ಯಾಕೆ? ಮಾತು ಆಡಿದ್ದು ಮಕ್ಕಳ ಎದುರಿಗೆ. "ತಪ್ಪಾಯ್ತು ಕಣಪ್ಪ" ಅನ್ನೋದೂ ಮಕ್ಕಳ ಎದುರಿಗೇ ಆಗಲಿ. ಒಳಗೆ ಕರೆದು ಗುಟ್ಟಾಗಿ ಹೇಳಿದರೆ ಸಾಲದು. ತಾತನಿಗೆ ಏನೂ ಬರಲ್ಲ ಅನ್ನೋದನ್ನು ಮಕ್ಕಳು ಕೇಳಿಸಿಕೊಂಡಿದ್ದಾರೆ, ಅಲ್ವಾ?

ಡೈರಿ ವಿಷಯ ಓದಿದಾಗ ನಗು ಬಂತು, ಜೊತೆಗೆ ನಿಮ್ಮಪ್ಪನ ಮೇಲೆ ಗೌರವವೂ ಬಂತು. ಅವರು ಗ್ರಾಮ ಲೆಕ್ಕಿಗರು. ಸರ್ವೆ ನಂಬರ್, ಖಾತೆ ನಂಬರ್, ಎಕರೆ, ಗುಂಟೆ ಬರೆದುಕೊಂಡೇ ಸರ್ವೀಸ್ ಮುಗಿಸಿದವರು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತಲ್ಲ, ಆಗ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಹೋದವು. ಪ್ರಿಂಟ್ ಆಗಿ ಬಂದ ಹಾಳೆಗಳನ್ನು ಕೈಬರಹದ ಪುಸ್ತಕದ ಜೊತೆ ಸಾಲು ಸಾಲಾಗಿ ತಾಳೆ ನೋಡಿದವರು ಗ್ರಾಮ ಲೆಕ್ಕಿಗರು. ನಿಮ್ಮಪ್ಪನೂ ಆ ಕೆಲಸ ಮಾಡಿರುತ್ತಾರೆ, ಕೇಳಿ ನೋಡಿ. ಕಂಪ್ಯೂಟರ್ ಹಾಳೆಯ ತಪ್ಪು ಹಿಡಿದು ತಿದ್ದಿದ ಮನುಷ್ಯನಿಗೆ "ನಿನ್ನ ಕೈಲಾಗಲ್ಲ" ಅಂದರೆ ಎಷ್ಟು ನೋವಾಗಿರಬೇಡ!

ಅವರ ಲೆಕ್ಕದಲ್ಲಿ ಪುಸ್ತಕಕ್ಕೆ ಏರಿದ ನಂಬರ್ ಯಾವತ್ತಿಗೂ ನಿಜ. ಒಟಿಪಿ ಹಾಗಲ್ಲ, ಒಂದು ಸಲಕ್ಕೆ ಮಾತ್ರ, ಅದೂ ಸ್ವಲ್ಪ ಹೊತ್ತು. ಇದನ್ನು ಅವರಿಗೆ ಯಾರಾದರೂ ಕೂತು ಹೇಳಿದ್ದೀರಾ? ಇನ್ನೂ ದೊಡ್ಡ ಗೊಂದಲ ಬೇರೆ ಇದೆ. ಗ್ಯಾಸ್ ಕೋಡನ್ನು ಹುಡುಗನಿಗೆ ಹೇಳಬೇಕು, ಹೇಳದಿದ್ದರೆ ಸಿಲಿಂಡರ್ ಇಲ್ಲ. ಬ್ಯಾಂಕಿನ ಒಟಿಪಿ ಯಾರಿಗೂ ಹೇಳಬಾರದು, ಹೇಳಿದರೆ ದುಡ್ಡು ಇಲ್ಲ. ಎರಡೂ ಬರುವುದು ಅದೇ ಮೆಸೇಜ್ ಡಬ್ಬಿಗೆ, ಎರಡೂ ನೋಡೋಕೆ ಒಂದೇ ಥರ. ವಯಸ್ಸಾದವರು ತಬ್ಬಿಬ್ಬಾಗುವುದರಲ್ಲಿ ಆಶ್ಚರ್ಯ ಏನಿದೆ? ಒಂದೇ ಮಾತು ಹೇಳಿಕೊಡಿ: ನೀನೇ ಬುಕ್ ಮಾಡಿದ ಸಾಮಾನು ಹಿಡ್ಕೊಂಡು ಬಾಗಿಲಲ್ಲಿ ನಿಂತವನಿಗೆ ಆ ಸಾಮಾನಿನ ಕೋಡ್ ಮಾತ್ರ ಹೇಳಪ್ಪ, ಫೋನಲ್ಲಿ ಯಾರೇ ಕೇಳಿದರೂ ಯಾವ ಕೋಡನ್ನೂ ಹೇಳಬೇಡ. ಹಳೇ ಒಟಿಪಿ ಡೈರಿಯಲ್ಲಿದ್ದರೆ ತೊಂದರೆಯೇನೂ ಇಲ್ಲ, ಅದನ್ನು ಹರಿದು ಹಾಕಬೇಡಿ. ಪಿನ್ ಮಾತ್ರ ಅಲ್ಲಿ ಬರೆಯುವುದು ಬೇಡ.

ಯುಪಿಐ ಬಂದಿದ್ದೇ 2016ರಲ್ಲಿ. ಅಷ್ಟು ಹೊತ್ತಿಗೆ ನಿಮ್ಮಪ್ಪ ರಿಟೈರ್ ಆಗಿದ್ದರು. ಆಫೀಸಿನಲ್ಲಿ ತರಬೇತಿ ಕೊಡುವವರೂ ಇರಲಿಲ್ಲ. ಅವರಿಗೆ ಹೀಗೆ ಹೇಳಿ: ಪಿನ್ ಅಂದರೆ ಚೆಕ್‌ಗೆ ಹಾಕುವ ಸಹಿ ಇದ್ದ ಹಾಗೆ. ದುಡ್ಡು ಕೊಡುವವರು ಸಹಿ ಹಾಕ್ತಾರೆ. ನಮಗೆ ದುಡ್ಡು ಬರುವುದಕ್ಕೆ ಪಿನ್ ಹಾಕಬೇಕಾಗಿಲ್ಲ. "ನಿಮಗೆ ಹಣ ಬಂದಿದೆ, ಪಿನ್ ಒತ್ತಿ" ಅಂದರೆ ಅದು ಮೋಸವೇ. ಪೆನ್ಷನ್ ಬರುವ ಖಾತೆಯನ್ನು ಫೋನಿಗೆ ಜೋಡಿಸಬೇಡಿ. ಬೇರೆ ಬ್ಯಾಂಕಿನಲ್ಲಿ ಇನ್ನೊಂದು ಖಾತೆ ತೆಗೆಸಿ, ಎರಡು ಮೂರು ಸಾವಿರ ಇಟ್ಟು, ಅದನ್ನು ಜೋಡಿಸಿ. ಆಗ ಅವರಿಗೂ ಧೈರ್ಯ, ನಿಮಗೂ ನಿದ್ದೆ.

ಇನ್ನು ಮಟನ್ ಪ್ರಸಂಗ. ವಾಟ್ಸ್‌ಆ್ಯಪ್‌ನಲ್ಲಿ ಮೈಕ್ ಇರುವುದು ಕೆಳಗೆ, ಬಲಗಡೆ ಮೂಲೆಯಲ್ಲಿ. ಬಲಗೈಯಲ್ಲಿ ಫೋನ್ ಬಿಗಿಯಾಗಿ ಹಿಡಿದರೆ ಹೆಬ್ಬೆರಳು ಕೂರುವುದೂ ಸರಿಯಾಗಿ ಅಲ್ಲೇ. ಬೆರಳು ಇಟ್ಟಷ್ಟು ಹೊತ್ತು ರೆಕಾರ್ಡ್ ಆಗುತ್ತೆ, ತೆಗೆದ ಕೂಡಲೇ ಹೊರಟುಹೋಗುತ್ತೆ. ಬೀಳಬಾರದು ಅಂತ ಗಟ್ಟಿಯಾಗಿ ಹಿಡಿದಿದ್ದಾರೆ, ಅಷ್ಟೇ. ಆ ಗುಂಪನ್ನು ಆರ್ಕೈವ್‌ಗೆ ಹಾಕಿಡಿ, ಕೈತಪ್ಪಿ ತೆರೆಯುವುದು ತಪ್ಪುತ್ತೆ. ಕಳಿಸಿದ್ದನ್ನು ಎಲ್ಲರ ಫೋನಿನಿಂದಲೂ ಅಳಿಸಲು ಸುಮಾರು ಎರಡು ದಿನ ಅವಕಾಶ ಇರುತ್ತೆ, ಅದನ್ನೂ ತೋರಿಸಿಕೊಡಿ. ಬೀಗರ ವಿಷಯಕ್ಕೆ ಮಾತ್ರ ಯಾವ ಬಟನ್ನೂ ಸಹಾಯ ಮಾಡಲ್ಲ. ಅಮ್ಮನೇ ಬೀಗಿತ್ತಿಗೆ ಫೋನ್ ಮಾಡಿ ಮಾತಾಡಲಿ, ಒಂದು ಭಾನುವಾರ ಊಟಕ್ಕೂ ಕರೆಯಲಿ. ಅಪ್ಪನ ಮೇಲೆ ಆ ಭಾರ ಹಾಕಬೇಡಿ. ಮಾತು ಅವರದಲ್ಲ.

ಕಲಿಸುವಾಗ ನಾವೆಲ್ಲ ಮಾಡುವುದು ಒಂದೇ. "ಕೊಡಿಲ್ಲಿ" ಅಂತ ಫೋನ್ ಇಸ್ಕೊಂಡು, ಟಕ ಟಕ ಅಂತ ನಾಲ್ಕು ಕಡೆ ಒತ್ತಿ, "ಆಯ್ತು ನೋಡಿ" ಅಂತ ವಾಪಸ್ ಕೊಡುತ್ತೇವೆ. ಅವರಿಗೆ ಕಂಡಿದ್ದು ನಮ್ಮ ಬೆರಳು ಮಾತ್ರ. ಅದಕ್ಕೇ ಕೇಳಿಕೊಳ್ತೇನೆ: ಫೋನ್ ಅಪ್ಪನ ಕೈಲೇ ಇರಲಿ, ನಿಮ್ಮ ಕೈ ಮಡಿಲಲ್ಲಿರಲಿ. ಬಾಯಲ್ಲಿ ಹೇಳಿ, ಒತ್ತುವುದು ಅವರು. ಅವರು ಒತ್ತಿದ್ದನ್ನು ತಮ್ಮ ಡೈರಿಯಲ್ಲಿ ತಮ್ಮದೇ ಮಾತಿನಲ್ಲಿ ಬರೆದುಕೊಳ್ಳಲಿ. "ಹಸಿರು ಗುಂಡಿ ಒತ್ತುವುದು, ಹೆಸರು ನೋಡುವುದು, ಮೇಲೆ ಕ್ಯಾಮೆರಾ ಗುರುತು ಒತ್ತುವುದು." ಬರೆದಿದ್ದನ್ನು ನೋಡಿಕೊಂಡು ನೀವಿಲ್ಲದಾಗ ಮಾಡ್ತಾರೆ. ಒಂದು ಸಲಕ್ಕೆ ಒಂದೇ ಕೆಲಸ ಸಾಕು. ಯಾವುದು ಅಂತ ಅವರೇ ಹೇಳಲಿ. ಕರೆಂಟ್ ಬಿಲ್ ಬೇಡ, ಯೂಟ್ಯೂಬ್‌ನಲ್ಲಿ ನಾಟಕ ನೋಡ್ಬೇಕು ಅಂದರೆ ಅದನ್ನೇ ಮೊದಲು ಹೇಳಿಕೊಡಿ.

ಹಾಗೇ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ, ಅಕ್ಷರ ದೊಡ್ಡದು ಮಾಡಿ. ಟೈಪ್ ಮಾಡೋದು ಕಷ್ಟವಾದರೆ ಗೂಗಲ್ ಕೀಬೋರ್ಡಿಗೆ ಕನ್ನಡದಲ್ಲೇ ಹೇಳಬಹುದು, ಅದೇ ಬರೆದುಕೊಳ್ಳುತ್ತೆ. ಆಂಡ್ರಾಯ್ಡ್ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಟಚ್ ಆ್ಯಂಡ್ ಹೋಲ್ಡ್ ಡಿಲೇ ಅಂತ ಇರುತ್ತೆ, ಅದನ್ನು ಲಾಂಗ್‌ಗೆ ಹಾಕಿ. ವಯಸ್ಸಾದವರು ನಿಧಾನವಾಗಿ ಒತ್ತುತ್ತಾರೆ. ಒತ್ತಿ ಹಿಡಿದಿದ್ದಾರೆ ಅಂದುಕೊಂಡು ಫೋನ್ ಇನ್ನೇನೋ ಮಾಡಿಬಿಡುತ್ತೆ.

ಡೈರಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ 1930 ಅಂತ ಬರೆಸಿ. ಅದು ಸೈಬರ್ ಮೋಸದ ಸಹಾಯವಾಣಿ. ದುಡ್ಡು ಹೋಯ್ತು ಅಂತ ಗೊತ್ತಾದ ಕೂಡಲೇ ಮಾಡಬೇಕು, ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ. ಮದುವೆ ಪತ್ರಿಕೆ ಅಂತ ಗೊತ್ತಿಲ್ಲದ ನಂಬರಿನಿಂದ ಬರುವ ಫೈಲ್ ತೆಗೆಯಬೇಡಿ ಅನ್ನಿ. ಪೊಲೀಸ್ ಅಂತ ಹೇಳಿಕೊಂಡು ವಿಡಿಯೊ ಕಾಲ್‌ನಲ್ಲಿ ಡಿಜಿಟಲ್ ಅರೆಸ್ಟ್ ಅಂದರೆ ಹೆದರಬೇಡಿ ಅನ್ನಿ, ನಮ್ಮ ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ. ಮುಖ್ಯವಾಗಿ, ಅಕಸ್ಮಾತ್ ಮೋಸ ಹೋದರೂ ಮಗಳು ಬೈಯ್ತಾಳೆ ಅಂತ ಅವರು ಮುಚ್ಚಿಡಬಾರದು. ನೀವು ಬೈಯಲ್ಲ ಅಂತ ಈಗಲೇ ಮಾತು ಕೊಡಿ.

ಅಣ್ಣನಿಗೂ ಒಂದು ಕೆಲಸ ಇದೆ. ವಾರದ ನಡುವೆ ಒಂದು ರಾತ್ರಿ, ಊಟ ಆದ ಮೇಲೆ, ಅಪ್ಪ ತಾವೇ ಅವರಿಗೆ ವಿಡಿಯೊ ಕಾಲ್ ಮಾಡಲಿ. ಅಣ್ಣ ಎತ್ತಲೇಬೇಕು. ಮೀಟಿಂಗ್ ಇತ್ತು ಅನ್ನೋ ಹಾಗಿಲ್ಲ.