20 ಸ್ವಿಚ್ ಸಾಕಾಗುವಾಗ 112 ಯಾಕೆ?

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. 8 ಫೈಬರ್ ಒಳಕ್ಕೆ, 8 ಹೊರಕ್ಕೆ ಇರುವ ಬೆಳಕಿನ ಸ್ವಿಚ್ ವಿನ್ಯಾಸ ಮಾಡುವುದು ನನ್ನ ಪ್ರಾಜೆಕ್ಟ್. ಪ್ರತಿ ಒಳಫೈಬರ್ ಪ್ರತಿ ಹೊರಫೈಬರನ್ನು ದಾಟುವ ಕಡೆ ಒಂದೊಂದು ಸ್ವಿಚ್ ಇಡುವ ಕ್ರಾಸ್‌ಬಾರ್‌ಗೆ 64 ಸ್ವಿಚ್ ಬೇಕು, ಸ್ವಿಚ್‌ಗಳನ್ನು ಹಂತಹಂತವಾಗಿ ಜೋಡಿಸುವ ಬೆನೆಶ್ ಜಾಲಕ್ಕೆ 20 ಸಾಕು. ಎರಡನ್ನೂ ‘ನಾನ್‌ಬ್ಲಾಕಿಂಗ್’, ಅಂದರೆ ದಾರಿ ಕಟ್ಟಿಹೋಗದ ಜಾಲ ಅಂತಲೇ ಕರೆಯುತ್ತಾರೆ. ಆದರೂ ನಮ್ಮ ಗೈಡ್, 112 ಸ್ವಿಚ್ ಬೇಕಾಗುವ ಸ್ಪ್ಯಾಂಕೆ ವಿನ್ಯಾಸವನ್ನೂ ನೋಡು ಅಂದಿದ್ದಾರೆ. ಇದು ದುಂದು ಅಲ್ವಾ?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ದುಂದಲ್ಲ. ನಿಮ್ಮ ಗೈಡ್ ಸರಿಯಾದ ದಾರಿಯನ್ನೇ ತೋರಿಸಿದ್ದಾರೆ.

ಸ್ವಿಚ್ ಎಣಿಸುವ ಅಭ್ಯಾಸ ಬಂದಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಿಂದ. ನಾನೂ ಅಲ್ಲಿಂದಲೇ ಬಂದವನು. ಅಲ್ಲಿ ಎರಡು ಲೈನ್ ಕೂಡುವ ಪ್ರತಿ ಸಂಧಿಯಲ್ಲೂ ಲೋಹದ ಕಾಂಟ್ಯಾಕ್ಟ್. ಅದಕ್ಕೆ ದುಡ್ಡು ಬೇಕು, ಒರೆಸಿ ಇಟ್ಟುಕೊಳ್ಳಲು ಜನ ಬೇಕು. 1953ರಲ್ಲಿ ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಕ್ಲೋಸ್ ಮೂರು ಹಂತದ ಜಾಲ ಕೊಟ್ಟಿದ್ದು ಈ ಸಂಧಿಗಳನ್ನು ಕಡಿಮೆ ಮಾಡಲು. 100 ಲೈನಿಗೆ 10,000 ಸಂಧಿ ಬೇಕಿದ್ದ ಕಡೆ 5,700 ಸಾಕಾಯಿತು. ಅದೇ ಸಂಸ್ಥೆಯ ಬೆನೆಶ್ ಇನ್ನೂ ಮುಂದೆ ಹೋದರು. ನಡೆಯುತ್ತಿರುವ ಕರೆಗಳನ್ನು ಬೇರೆ ದಾರಿಗೆ ಸರಿಸಲು ಒಪ್ಪಿದರೆ ಸಂಧಿಗಳು ಎಷ್ಟೋ ಇಳಿಯುತ್ತವೆ.

ಆ ‘ಸರಿಸಲು ಒಪ್ಪಿದರೆ’ ಅನ್ನುವ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 4 ಪೋರ್ಟಿನ ಬೆನೆಶ್ ಜಾಲವನ್ನು ಕಾಗದದ ಮೇಲೆ ಬರೆಯಿರಿ. ಎಡಕ್ಕೆ ಎರಡು ಡಬ್ಬಿ, ನಡುವೆ ಎರಡು, ಬಲಕ್ಕೆ ಎರಡು; ಒಂದೊಂದು ಡಬ್ಬಿಯೂ ಒಂದು ಸ್ವಿಚ್. ಎಡದಲ್ಲೂ ಬಲದಲ್ಲೂ 1, 2 ಮೇಲಿನ ಡಬ್ಬಿಗೆ, 3, 4 ಕೆಳಗಿನದಕ್ಕೆ. ಎಡ, ಬಲದ ಪ್ರತಿ ಡಬ್ಬಿಯಿಂದ ಎರಡೂ ನಡುಡಬ್ಬಿಗಳಿಗೆ ಒಂದೊಂದು ಎಳೆ. ಎಡದ 1ನ್ನು ಬಲದ 1ಕ್ಕೆ ಮೇಲಿನ ನಡುಡಬ್ಬಿಯಿಂದ ಸೇರಿಸಿ. 3ನ್ನು 3ಕ್ಕೆ ಕೆಳಗಿನದರಿಂದ ಸೇರಿಸಿ. ಈಗ 2ರಿಂದ 4ಕ್ಕೆ ಹೋಗಲು ನೋಡಿ. ಮೇಲೆ ಹೋಗೋಣ ಅಂದ್ರೆ ಆ ಎಳೆಯನ್ನು 1 ಹಿಡಿದಿದೆ. ಕೆಳಗೆ ಹೋದರೆ ಬಲದ ಡಬ್ಬಿಗೆ ಸೇರುವ ಎಳೆಯನ್ನು 3 ಹಿಡಿದಿದೆ. 2 ಮತ್ತು 4 ಎರಡೂ ಖಾಲಿ ಇವೆ, ದಾರಿ ಮಾತ್ರ ಇಲ್ಲ! 3ರ ದಾರಿಯನ್ನು ಮೇಲಕ್ಕೆ ಸರಿಸಿದರೆ ಎಲ್ಲ ಸರಿಹೋಗುತ್ತದೆ. ಆದರೆ 3ರಲ್ಲಿ ಆಗಲೇ ಯಾರದೋ ಡೇಟಾ ಓಡುತ್ತಿದೆ. ಸೆಕೆಂಡಿಗೆ 100 ಗಿಗಾಬಿಟ್ ಓಡುವ ಬೆಳಕನ್ನು 10 ಮಿಲಿಸೆಕೆಂಡ್ ತಡೆದರೆ 125 ಮೆಗಾಬೈಟ್ ಹೋಯಿತು. ಫೋನಿನಲ್ಲಿ ಇಷ್ಟು ಹೊತ್ತಿನ ತಡೆ ಒಂದು ‘ಟಿಕ್’ ಅಷ್ಟೇ.

ಇನ್ನು ಬೆಳಕು ಸವೆಯುವ ವಿಷಯ. ಒಂದು ಸ್ವಿಚ್ಚಿಗೆ 1 ಡೆಸಿಬಲ್ ನಷ್ಟ, ಅಂದರೆ ಸುಮಾರು ಐದರಲ್ಲಿ ಒಂದು ಪಾಲು ಬೆಳಕು ಹೋಗುತ್ತದೆ ಅಂತಿಟ್ಟುಕೊಳ್ಳಿ. ನಿಮ್ಮ ಕ್ರಾಸ್‌ಬಾರ್‌ನಲ್ಲಿ ಅತಿ ಉದ್ದದ ದಾರಿ 15 ಸ್ವಿಚ್ ದಾಟುತ್ತದೆ. ಹೊರಬರುವ ಬೆಳಕು ಸುಮಾರು 32ರಲ್ಲಿ ಒಂದು ಪಾಲು. ಅತಿ ಗಿಡ್ಡ ದಾರಿ ಒಂದೇ ಸ್ವಿಚ್ ದಾಟುತ್ತದೆ. ಒಂದು ಫೈಬರ್ ಪ್ರಖರ, ಪಕ್ಕದ್ದು ಮಂಕು. ಬೆನೆಶ್‌ನಲ್ಲಿ ಎಲ್ಲ ದಾರಿಗೂ 5, ಸ್ಪ್ಯಾಂಕೆಯಲ್ಲಿ 6. 112 ಸ್ವಿಚ್ ಇದ್ದರೂ ಒಂದು ಬೆಳಕು ದಾಟುವುದು ಆರನ್ನೇ. ನಾನು ಫೈಬರ್ ಕೆಲಸಕ್ಕೆ ಬಂದ ಹೊಸದರಲ್ಲಿ ಈ ಲೆಕ್ಕ ಹಾಕದೆ ಸ್ವಿಚ್ಚುಗಳನ್ನು ಸಾಲಾಗಿ ಜೋಡಿಸಿದ್ದೆ. ಮೀಟರಿನ ಮುಳ್ಳು ಮೇಲೇಳಲಿಲ್ಲ ಅಂತ ಎರಡು ದಿನ ಕನೆಕ್ಟರ್ ಒರೆಸುತ್ತಾ ಕೂತಿದ್ದೆ. ತಪ್ಪು ಕನೆಕ್ಟರಿನದಲ್ಲ, ಲೆಕ್ಕದ್ದು.

ನನಗೆ ಸ್ಪ್ಯಾಂಕೆ ಇಷ್ಟವಾಗಲು ಮುಖ್ಯ ಕಾರಣ ಸೋರಿಕೆ. ಒಂದೇ ಸ್ವಿಚ್ಚಿನಲ್ಲಿ ಎರಡು ಬೆಳಕು ಹೋದರೆ ಒಂದರ ತುಣುಕು ಇನ್ನೊಂದಕ್ಕೆ ಬೆರೆಯುತ್ತದೆ. ಎರಡರ ತರಂಗಾಂತರವೂ ಒಂದೇ ಆದರೆ ಯಾವ ಫಿಲ್ಟರಿಗೂ ಅದು ಸಿಗುವುದಿಲ್ಲ. ಬೆನೆಶ್‌ನಲ್ಲಿ ಇದು ಹೆಜ್ಜೆಹೆಜ್ಜೆಗೂ ಆಗುತ್ತದೆ. ಸ್ಪ್ಯಾಂಕೆಯದು ಕವಲೊಡೆಯುವ ಮರ, ಆಮೇಲೆ ಕೂಡುವ ಮರ. ಒಂದು ಸ್ವಿಚ್ಚಿನಲ್ಲಿ ಒಂದೇ ಬೆಳಕು. ಸೋರಿದ್ದು ತಪ್ಪು ಫೈಬರಿಗೆ ತಲುಪಬೇಕಾದರೆ ಕವಲಿನ ಕಡೆ ಒಮ್ಮೆ, ಕೂಡುವ ಕಡೆ ಒಮ್ಮೆ, ಎರಡು ಸಲ ಸೋರಬೇಕು. ಒಂದು ಸ್ವಿಚ್ಚಿನ ತಡೆ 20 ಡೆಸಿಬಲ್ ಇದ್ದರೆ ಒಟ್ಟು 40 ಸಿಗುತ್ತದೆ.

ಪೋರ್ಟ್ ಜಾಸ್ತಿಯಾದರೆ ಕನ್ನಡಿಗಳೇ ವಾಸಿ. ಗೂಗಲ್ ತನ್ನ ಡೇಟಾ ಸೆಂಟರುಗಳಲ್ಲಿ ಬಳಸುವ ಪಾಲೊಮಾರ್ ಸ್ವಿಚ್ಚಿಗೆ 136 ಪೋರ್ಟ್. ಬೆಳಕು ಎರಡು ಪುಟ್ಟ ಕನ್ನಡಿಗಳಿಗೆ ಬಡಿದು ಬೇಕಾದ ಫೈಬರಿಗೆ ಇಳಿಯುತ್ತದೆ.

ಹಾಗಂತ ಬೆನೆಶ್ ಬಿಡಿ ಅನ್ನುತ್ತಿಲ್ಲ. ಎಲ್ಲ ಜೋಡಣೆಯನ್ನೂ ಒಟ್ಟಿಗೇ ಬದಲಿಸುವ ಕಡೆ ಅದೇ ಚೆನ್ನ. ನಿಮ್ಮ ಕೋಷ್ಟಕದಲ್ಲಿ 64, 20, 112ರ ಪಕ್ಕ ಇನ್ನೂ ಮೂರು ಕಾಲಂ ಎಳೆಯಿರಿ: ಅತಿ ಉದ್ದದ ದಾರಿ, ಸೋರಿಕೆ, ಹೊಸ ಜೋಡಣೆಗೆ ಹಳೆಯದನ್ನು ಮುಟ್ಟಬೇಕಾ ಇಲ್ವಾ. ತುಂಬಿಸಿದ ಮೇಲೆ ಕಳಿಸಿ, ನೋಡುತ್ತೇನೆ.